ಮೊದಲ ಪುಟದಲ್ಲೇ ಎದ್ದುಹೋದ ಅಜ್ಜ

ಕಳೆದ ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಬರೆದ ಮೂವತ್ತೊಂದು ಕಥೆಗಳ ಕಟ್ಟೊಂದು ಹತ್ತು ದಿನ ನನ್ನ ಮೇಜಿನ ಮೇಲಿತ್ತು. ಸ್ಪರ್ಧೆಗೆ ಕೊಟ್ಟ ವಿಷಯ ‘2075ರ ನಮ್ಮೂರು’. ನಿವೃತ್ತ ಮೇಷ್ಟ್ರು ಬೇರೇನು ಮಾಡಿಯಾನು, ಕಥೆ ಓದಿ ಅಂಕ ಹಾಕಲಿ ಎಂದು ಯಾರೋ ನನ್ನ ಹೆಸರು ಸೂಚಿಸಿದ್ದರು. ಮಕ್ಕಳ ಕಲ್ಪನೆಗೆ ಕೊರತೆಯೇನೂ ಇರಲಿಲ್ಲ. ಅಡಿಕೆ ಮರ ಹತ್ತಿ ಮದ್ದು ಬಿಡುವ ಯಂತ್ರಮಾನವರಿದ್ದರು. ಕುಂಬಳೆಯಿಂದ ಬೆಂಗಳೂರಿಗೆ ಹನ್ನೆರಡು ನಿಮಿಷದಲ್ಲಿ ತಲಪುವ ರೈಲಿತ್ತು. ಒಬ್ಬ ಹುಡುಗನ ಕಥೆಯಲ್ಲಿ ಕಡಲು ಶಾಲೆಯ ಗೇಟಿನವರೆಗೆ ಬಂದು ನಿಂತಿತ್ತು, ಇನ್ನೊಬ್ಬನ ಕಥೆಯಲ್ಲಿ ಚಂದ್ರಗಿರಿ ಹೊಳೆ ಬತ್ತಿ ಅದರ ಪಾತ್ರದಲ್ಲಿ ಕ್ರಿಕೆಟ್ ಮೈದಾನವಾಗಿತ್ತು. ಆದರೆ ಐದಾರು ಕಥೆ ಓದುವಷ್ಟರಲ್ಲಿ ಏನೋ ಒಂದು ಇಲ್ಲವೆಂದು ಅನ್ನಿಸತೊಡಗಿತು. ಇಡೀ ಕಟ್ಟನ್ನು ಮತ್ತೊಮ್ಮೆ ಮಗುಚಿ ಹಾಕಿದಾಗಲಷ್ಟೇ ಅದು ಏನೆಂದು ಗೊತ್ತಾಯಿತು. ಮೂವತ್ತೊಂದು ಕಥೆಗಳಲ್ಲಿ ಮುದುಕರು ಇದ್ದದ್ದು ನಾಲ್ಕರಲ್ಲಿ ಮಾತ್ರ. ಎರಡರಲ್ಲಿ ಅಜ್ಜ ಮೊದಲ ವಾಕ್ಯಕ್ಕೇ ತೀರಿಹೋಗಿದ್ದ. ಮೂರನೆಯದರಲ್ಲಿ ಯಂತ್ರವೊಂದು ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಿದ್ದ ಅಜ್ಜಿ ಕಥೆ ಮುಗಿಯುವವರೆಗೂ ಒಂದು ಮಾತೂ ಆಡುವುದಿಲ್ಲ. ನಾಲ್ಕನೆಯದು ಎಂಟನೆಯ ತರಗತಿಯ ಹುಡುಗಿಯೊಬ್ಬಳ ಕಥೆ. ಊರಿಗೆ ಊರೇ ನೀರಿಲ್ಲದೆ ಒದ್ದಾಡುವಾಗ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದು ಈಗ ಮುಚ್ಚಿಹೋದ ಸುರಂಗದ ಬಾಯಿ ಎಲ್ಲಿದೆಯೆಂದು ಅಜ್ಜನೊಬ್ಬನಿಗೆ ಮಾತ್ರ ನೆನಪಿರುತ್ತದೆ. ಸುರಂಗದ ನೀರು ಕುಡಿದು ಬೆಳೆದವರ ಮನೆಯ ಹುಡುಗಿಯೇ ಇರಬೇಕು, ಜಂಬಿಟ್ಟಿಗೆ ಕಲ್ಲಿನ ಒಳಗೆ ನೀರು ತೊಟ್ಟಿಕ್ಕುವ ಸದ್ದನ್ನು ಅವಳು ಬರೆದ ಬಗೆ ನನಗೆ ಬಹಳ ಹಿಡಿಸಿತು. ಅವಳಿಗೇ ಮೊದಲ ಬಹುಮಾನ ಕೊಟ್ಟೆ.

ಆ ಬಹುಮಾನದ ಬಗ್ಗೆ ನನಗೆ ಈಗ ಸಮಾಧಾನವಿಲ್ಲ. ಕಥೆ ಚೆನ್ನಾಗಿರಲಿಲ್ಲವೆಂದಲ್ಲ. ನಾನು ಅದನ್ನು ಏತಕ್ಕಾಗಿ ಮೆಚ್ಚಿದೆ ಎಂಬುದರ ಬಗ್ಗೆ ಸಂದೇಹ.

ಬಹುಮಾನ ವಿತರಣೆಗೆ ಮೊದಲು ಎರಡು ಮೂರು ಕಥೆಗಳನ್ನು ನಮ್ಮ ದೊಡ್ಡಮ್ಮನಿಗೆ ಓದಿ ಹೇಳಿದ್ದೆ. ದೊಡ್ಡಮ್ಮನಿಗೆ ಎಂಬತ್ತನಾಲ್ಕು ವರ್ಷ, ಕಣ್ಣು ಮಂದ, ಕಿವಿ ಚುರುಕು. ರೈಲಿನ ಕಥೆಯನ್ನು ಅರ್ಧಕ್ಕೆ ತಡೆದು, “ಇದನ್ನು ಬರೆದ ಹುಡುಗಿಗೆ ಈಗ ಎಷ್ಟು ವರ್ಷ?” ಎಂದು ಕೇಳಿದರು. ಹದಿಮೂರು ಎಂದೆ. “ಮತ್ತೆ ಐವತ್ತು ವರ್ಷ ಕಳೆದರೆ ಅವಳೇ ಅಲ್ಲವಾ ಅಜ್ಜಿ? ಕಥೆಯಲ್ಲಿ ಇನ್ನೂ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತಾಳಲ್ಲ!” ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿದ ನನಗೆ ಇಷ್ಟು ಸಣ್ಣ ಕೂಡಿಸುವ ಲೆಕ್ಕ ಹೊಳೆದಿರಲಿಲ್ಲ. ಮಕ್ಕಳೆಲ್ಲರೂ ಊರನ್ನು ಐವತ್ತು ವರ್ಷ ಮುಂದಕ್ಕೆ ತಳ್ಳಿ, ತಾವು ಮಾತ್ರ ಇದ್ದಲ್ಲೇ ಉಳಿದಿದ್ದರು.

ಮಕ್ಕಳನ್ನು ಆಕ್ಷೇಪಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆದರ್ಶರಾಜ್ಯದ, ಮತ್ತು ಅದರ ಬೆನ್ನಿಗೇ ಇರುವ ದುಃಸ್ವಪ್ನದ ರಾಜ್ಯದ ಕಥೆಗಳನ್ನು ಜೀವಮಾನವಿಡೀ ಓದಿಕೊಂಡು ಬಂದವನು ನಾನು. ದೊಡ್ಡವರು ಬರೆದ ಪುಸ್ತಕಗಳನ್ನು ಈ ಕಣ್ಣಿನಿಂದ ಮತ್ತೆ ತೆರೆದಾಗ, ಅಲ್ಲಿಯೂ ಹೆಚ್ಚೂಕಡಿಮೆ ಇದೇ ಮೂರು ಬಗೆಯ ಅಜ್ಜ ಅಜ್ಜಿಯರು ಕುಳಿತಿದ್ದರು.

ಊಟದ ಸಾಲು ಮತ್ತು ಸಾಯುವ ವಯಸ್ಸು

ಪ್ಲೇಟೋನ ‘ರಿಪಬ್ಲಿಕ್’ ಆರಂಭವಾಗುವುದೇ ಒಬ್ಬ ಮುದುಕನ ಮನೆಯಲ್ಲಿ. ಕೆಫಾಲಸ್ ಎಂಬ ಆ ಹಿರಿಯ ಸಾಕ್ರಟೀಸನನ್ನು ಪ್ರೀತಿಯಿಂದ ಬರಮಾಡಿಕೊಂಡು ಮುಪ್ಪಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುತ್ತಾನೆ. ನ್ಯಾಯ ಎಂದರೇನು ಎಂಬ ಪ್ರಶ್ನೆ ಬಿಗಿಯಾಗುತ್ತಿದ್ದಂತೆ, ಪೂಜೆಗೆ ಹೊತ್ತಾಯಿತೆಂದು ವಾದವನ್ನು ಮಗನಿಗೆ ಒಪ್ಪಿಸಿ ನಗುತ್ತಾ ಎದ್ದುಹೋಗುತ್ತಾನೆ. ಮುಂದೆ ಹತ್ತು ಸಂಪುಟಗಳಷ್ಟು ಉದ್ದಕ್ಕೆ ಆದರ್ಶ ನಗರವೊಂದನ್ನು ಕಟ್ಟುವ ಮಾತು ನಡೆದರೂ ಅವನು ತಿರುಗಿ ಬರುವುದಿಲ್ಲ. ಆ ನಗರವನ್ನು ಆಳುವ ಅರ್ಹತೆ ಐವತ್ತು ದಾಟಿದವರಿಗೆ ಮಾತ್ರ ಎಂದು ಪ್ಲೇಟೋ ಹೇಳುತ್ತಾನೆ, ನಿಜ. ಆದರೆ ಅದು ಪದವಿಯ ಮಾತು. ಮನೆಯಲ್ಲಿದ್ದ ಜೀವಂತ ಮುದುಕ ಪೂಜೆಗೆ ಹೋದವನು ಹೋದನೇ.

ಥಾಮಸ್ ಮೋರ್ 1516ರಲ್ಲಿ ಬರೆದ ‘ಯುಟೋಪಿಯ’ ಇದಕ್ಕಿಂತ ಹೃದಯವಂತ ಪುಸ್ತಕ. ಅಲ್ಲಿಯ ಸಾಮೂಹಿಕ ಊಟದ ಚಾವಡಿಯಲ್ಲಿ ಹಿರಿಯರಿಗೇ ಮೊದಲು ಬಡಿಸುತ್ತಾರೆ, ರುಚಿಯಾದದ್ದನ್ನು ಅವರು ಮನಸ್ಸಿದ್ದರೆ ಪಕ್ಕದವರಿಗೆ ಹಂಚುತ್ತಾರೆ. ಹುಡುಗರ ನಡುನಡುವೆ ಅವರನ್ನು ಕೂರಿಸುವುದು ಹುಡುಗರ ಬಾಯಿ ಹದ್ದುಮೀರದಿರಲಿ ಎಂದು. ಮಾತು ಆರಂಭಿಸುವವರು ಹಿರಿಯರೇ ಆದರೂ ತಾವೊಬ್ಬರೇ ಮಾತಾಡುತ್ತಾ ಕೂರಬಾರದು, ಕಿರಿಯರನ್ನೂ ಕೇಳಬೇಕು. (ನಮ್ಮ ಅನುಪ್ಪತ್ಯದ, ಅಂದರೆ ಮನೆಯ ಸಮಾರಂಭದ ಊಟದ, ಹಂತಿಗಳಲ್ಲಿ ಈ ಎರಡನೆಯ ನಿಯಮವನ್ನು ಜಾರಿಗೆ ತಂದರೆ ಊಟ ಬೇಗ ಮುಗಿದೀತು.) ಆದರೆ ಇದೇ ಪುಸ್ತಕದಲ್ಲಿ, ವಾಸಿಯಾಗದ ಯಾತನೆಯಲ್ಲಿ ಬಿದ್ದವರ ಬಳಿಗೆ ಪುರೋಹಿತರೂ ಅಧಿಕಾರಿಗಳೂ ಬಂದು, ಇನ್ನು ಬದುಕಿ ತನಗೂ ಇತರರಿಗೂ ಹೊರೆಯಾಗುವುದಕ್ಕಿಂತ ಸಾವನ್ನು ಒಪ್ಪಿಕೊಳ್ಳುವುದು ಮೇಲೆಂದು ಬುದ್ಧಿ ಹೇಳುತ್ತಾರೆ. ಬಲವಂತವಿಲ್ಲ. ಮನವೊಲಿಕೆ ಮಾತ್ರ. ಮೊದಲ ತುತ್ತು ಕೊಡುವ ಕೈ ಮತ್ತು ಬಾಗಿಲು ತೋರಿಸುವ ಕೈ ಎರಡೂ ಒಂದೇ ರಾಜ್ಯದವು.

ಮುಂದಿನವರು ಇದಕ್ಕೆ ಅಂಕೆಸಂಖ್ಯೆ ಸೇರಿಸಿದರು. ಎಡ್ವರ್ಡ್ ಬೆಲ್ಲಮಿ 1888ರಲ್ಲಿ ಕಲ್ಪಿಸಿದ 2000ನೇ ಇಸವಿಯ ಅಮೆರಿಕದಲ್ಲಿ ಎಲ್ಲರೂ ನಲವತ್ತೈದಕ್ಕೆ ನಿವೃತ್ತರು, ಅಲ್ಲಿಂದ ಮುಂದೆ ಬಾಳಿನ ನಿಜವಾದ ಹಬ್ಬ. ಅದಕ್ಕೂ ಆರು ವರ್ಷ ಮೊದಲು, 1882ರಲ್ಲಿ, ಆಂಥನಿ ಟ್ರಾಲಪ್ ‘ದಿ ಫಿಕ್ಸ್ಡ್ ಪೀರಿಯಡ್’ ಎಂಬ ವಿಚಿತ್ರ ಕಾದಂಬರಿ ಬರೆದಿದ್ದ. ಬ್ರಿಟಾನುಲಾ ಎಂಬ ಕಾಲ್ಪನಿಕ ದ್ವೀಪರಾಷ್ಟ್ರ, ಕಾಲ 1980. ಅರವತ್ತೇಳು ತುಂಬಿದವರನ್ನು ಮೆರವಣಿಗೆಯಲ್ಲಿ ಕಾಲೇಜು ಎಂದು ಕರೆಯುವ ಸುಂದರ ತಾಣವೊಂದಕ್ಕೆ ಸೇರಿಸಿ, ಅರವತ್ತೆಂಟಾಗುವ ಮುನ್ನ ನೋವಿಲ್ಲದೆ ಮುಗಿಸಿಬಿಡಬೇಕೆಂಬ ಕಾನೂನನ್ನು ಅಲ್ಲಿಯ ಯುವ ಶಾಸಕರು ಮಾಡಿರುತ್ತಾರೆ. ಆಗ ಅವರೆಲ್ಲರೂ ಇನ್ನೂ ಪ್ರಾಯದವರು. ಮೊದಲ ಸರದಿ ಬರುವುದು ಅಧ್ಯಕ್ಷನ ಆಪ್ತ ಗೆಳೆಯ ಕ್ರಾಸ್ವೆಲ್ಲರನಿಗೆ. ಕಾನೂನಿಗೆ ಮನಸಾರೆ ಕೈಯೆತ್ತಿದ್ದ ಆತ, ದಿನ ಸಮೀಪಿಸಿದಂತೆ ತನ್ನ ವಯಸ್ಸು ಒಂದು ವರ್ಷ ಕಡಿಮೆಯೆಂದು ವಾದಿಸತೊಡಗುತ್ತಾನೆ. ಆ ಭಾಗವನ್ನು ಓದುವಾಗ ನನಗೆ ನಗು ಬಂತು, ನಂತರ ನಗು ನಿಂತಿತು. ಆಸ್ತಿ ಇದೆ, ಜಮೀನು ಕಳೆಗಟ್ಟಿದೆ, ಮೈಯಲ್ಲಿ ಕಸುವಿದೆ. ದೊಡ್ಡ ಧ್ಯೇಯವೊಂದರ ಎದುರಿಗೆ ಅವನ ಬಳಿ ಇರುವುದು ಒಂದೇ ಒಂದು ನಾಚಿಕೆಯ ಸುಳ್ಳು, ಆ ಸುಳ್ಳಿನಲ್ಲಿ ಬದುಕುವ ಆಸೆ ಇಡಿಯಾಗಿ ಕಾಣುತ್ತದೆ. ಪುಸ್ತಕ ಹೊರಬಂದ ವರ್ಷವೇ ಟ್ರಾಲಪ್ ತೀರಿಕೊಂಡ, ಆಗ ಅವನ ವಯಸ್ಸು ಅರವತ್ತೇಳು.

ಇಪ್ಪತ್ತನೆಯ ಶತಮಾನದ ಕಥೆಗಳಲ್ಲಿ ಈ ವಯಸ್ಸು ಸಿಕ್ಕಾಪಟ್ಟೆ ಕೆಳಗಿಳಿಯಿತು. ‘ಲೋಗನ್ಸ್ ರನ್’ 1967ರ ಕಾದಂಬರಿಯಲ್ಲಿ ಇಪ್ಪತ್ತೊಂದಕ್ಕೆ ಆಯುಷ್ಯ ಮುಗಿಯುತ್ತದೆ, 1976ರ ಚಲನಚಿತ್ರದಲ್ಲಿ ಮೂವತ್ತಕ್ಕೆ. ಆಲ್ಡಸ್ ಹಕ್ಸ್ಲಿ 1932ರಲ್ಲಿ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಿ ಕಟ್ಟಿದ ಲೋಕದಲ್ಲಿ ಜನ ಅರವತ್ತರವರೆಗೂ ಯೌವನದಲ್ಲೇ ಇದ್ದು ಒಮ್ಮೆಗೇ ಕುಸಿಯುತ್ತಾರೆ. ಮುಪ್ಪು ಎಂಬ ಊರು ಅಲ್ಲಿಯ ನಕಾಶೆಯಲ್ಲೇ ಇಲ್ಲ.

ಬದುಕಿದ್ದೇನೆ ಎಂಬುದಕ್ಕೆ ಬೆರಳು

ಕ್ಷೇಮನಿಧಿ ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂದು ಆಗಾಗ ಬೆರಳೊತ್ತಿ ದೃಢಪಡಿಸಬೇಕು. ಇದಕ್ಕೆ ನಮ್ಮಲ್ಲಿ ಮಸ್ಟರಿಂಗ್ ಎನ್ನುತ್ತಾರೆ. ಕಳೆದ ಸಲ ದೊಡ್ಡಮ್ಮನನ್ನು ಕರೆದುಕೊಂಡು ಹೋದವನು ನಾನು. ಹೆದ್ದಾರಿ ಆರು ಪಥದ್ದಾದ ಮೇಲೆ, ಎದುರಿಗೇ ಕಾಣುವ ಅಂಗಡಿಗೆ ಹೋಗಬೇಕಾದರೂ ಅಂಡರ್‌ಪಾಸ್ ಇರುವಲ್ಲಿಯವರೆಗೆ ನಡೆದು ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ದೊಡ್ಡಮ್ಮ ಮೂರು ಕಡೆ ನಿಂತು, ತಲೆಯ ಮೇಲೆ ಎದ್ದ ರಸ್ತೆಯನ್ನು ನೋಡಿದರು. ಸೇವಾ ಕೇಂದ್ರದ ಒಳಗೆ ಹತ್ತಿಪ್ಪತ್ತು ಜನ ಮುದುಕರು, ಅವರಷ್ಟೇ ಕೊಡೆಗಳು. ಸರದಿ ಬಂದಾಗ ಯಂತ್ರಕ್ಕೆ ದೊಡ್ಡಮ್ಮನ ಹೆಬ್ಬೆರಳು ಗುರುತು ಸಿಗಲಿಲ್ಲ. ತೋರುಬೆರಳೂ ಸಿಗಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಸೆರಗಿನಿಂದ ಉಜ್ಜಿ, ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟದ್ದಾಯಿತು. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳುಗಳು, ಎಲೆಯ ಅಂಚಿಗೆ ಉಜ್ಜಿ ಉಜ್ಜಿ ಗೆರೆಗಳೆಲ್ಲ ನಯವಾಗಿಹೋಗಿದ್ದವು. ಮೇಜಿನ ಹಿಂದಿನ ಹುಡುಗಿ ಒಳ್ಳೆಯವಳೇ. ಅವಳಿಗೆ ಕನ್ನಡ ಬಾರದು, ದೊಡ್ಡಮ್ಮನ ಮಲೆಯಾಳ ಮೀನು ಕೊಳ್ಳುವಷ್ಟರದ್ದು. ಕೊನೆಗೆ ಕಣ್ಣಿನ ಪಾಪೆ ನೋಡುವ ಯಂತ್ರ ತಂದು ಹಿಡಿದಾಗ, ದೊಡ್ಡಮ್ಮ ಕಣ್ಣನ್ನು ಅಗಲ ಮಾಡಿ, ಉಸಿರು ಹಿಡಿದು, ನನ್ನ ಕಡೆಗೆ ತಿರುಗದೆಯೇ, “ಎಂತ, ಉಂಟಂತಾ ನಾನು?” ಎಂದು ಕೇಳಿದರು.

ಆ ದಿನ ರಾತ್ರಿ ಜೊನಾಥನ್ ಸ್ವಿಫ್ಟನ ‘ಗಲಿವರನ ಪ್ರವಾಸಗಳು’ ಪುಸ್ತಕದ ಮೂರನೆಯ ಭಾಗವನ್ನು ತೆಗೆದು ಕುಳಿತೆ. 1726ರ ಈ ಪುಸ್ತಕವೆಂದರೆ ನಮ್ಮ ಪಠ್ಯಗಳಿಗೆ ಲಿಲಿಪುಟ್ಟಿನ ಕುಳ್ಳರು ಮಾತ್ರ. ಲಗ್ನಾಗ್ ಎಂಬ ರಾಜ್ಯದ ಸ್ಟ್ರಲ್ಡ್‌ಬ್ರಗ್ಗರು ಮಕ್ಕಳ ಆವೃತ್ತಿಗೆ ಬರುವುದಿಲ್ಲ. ಎಡ ಹುಬ್ಬಿನ ಮೇಲೆ ಕೆಂಪು ಮಚ್ಚೆ ಹೊತ್ತು ಹುಟ್ಟುವ ಈ ಜನರಿಗೆ ಸಾವಿಲ್ಲ, ಮುಪ್ಪು ಮಾತ್ರ ಎಲ್ಲರಂತೆ ಬರುತ್ತದೆ. ಎಂಬತ್ತು ತುಂಬಿದೊಡನೆ ಕಾನೂನಿನ ಲೆಕ್ಕದಲ್ಲಿ ಅವರು ಸತ್ತಂತೆ. ಆಸ್ತಿ ವಾರಸುದಾರರಿಗೆ ಹೋಗುತ್ತದೆ, ಬದುಕಲು ಒಂದಿಷ್ಟು ಪುಡಿಗಾಸು ಮೀಸಲು. ನನ್ನನ್ನು ತಡೆದು ನಿಲ್ಲಿಸಿದ್ದು ಅಷ್ಟೇ ಅಲ್ಲ, ಮುಂದೆ ಬರುವ ಒಂದು ಸಣ್ಣ ವಿವರ. ಆ ದೇಶದ ಭಾಷೆ ಸದಾ ಬದಲಾಗುತ್ತಿರುವುದರಿಂದ, ಒಂದು ಕಾಲದ ಅಮರರಿಗೆ ಇನ್ನೊಂದು ಕಾಲದವರ ಮಾತು ತಿಳಿಯುವುದಿಲ್ಲ. ಇನ್ನೂರು ವರ್ಷ ದಾಟಿದ ಮೇಲೆ ನೆರೆಹೊರೆಯವರೊಡನೆ ನಾಲ್ಕು ಮಾತೂ ಆಡಲಾರದೆ, ಅವರು ಸ್ವಂತ ದೇಶದಲ್ಲೇ ಪರದೇಶಿಗಳಂತೆ ಬಾಳುತ್ತಾರೆ.

ಕಾಸರಗೋಡಿನ ಕನ್ನಡಿಗನಿಗೆ ಇದರ ಮೇಲೆ ವ್ಯಾಖ್ಯಾನ ಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮವರು ಮಲಗಿದ ಚಾಪೆಯಿಂದ ಏಳದೆಯೇ ಕೇರಳವೆಂಬ ಬೇರೆ ರಾಜ್ಯದವರಾದರು. ಸ್ವಿಫ್ಟನಿಗೆ ಇನ್ನೂರು ವರ್ಷ ಬೇಕಾದ ಕೆಲಸ ಇಲ್ಲಿ ಒಂದು ರಾತ್ರಿಯಲ್ಲಿ ಆಯಿತು. ಕಿರಿಯರು ಹೇಗೋ ಹೊಂದಿಕೊಂಡೆವು, ಎರಡೂ ಭಾಷೆ ಕಲಿತೆವು. ಅರ್ಜಿ ಫಾರಮಿನ ಎದುರು ಕಣ್ಣು ಕಿರಿದು ಮಾಡಿ ನಿಲ್ಲುವ ಸರದಿ ಮಾತ್ರ ಯಾವಾಗಲೂ ಅತ್ಯಂತ ಹಿರಿಯರದೇ.

ನೆನಪಿನ ಉಗ್ರಾಣ

ಮುದುಕರನ್ನು ತೆಗೆದುಹಾಕದ ಕಥೆಗಳೂ ಇವೆ. ಅಲ್ಲಿ ಅವರಿಗೆ ಒಂದು ಉದ್ಯೋಗ ಕೊಟ್ಟಿರುತ್ತಾರೆ, ನೆನಪಿಟ್ಟುಕೊಳ್ಳುವುದು. ಲೋಯಿಸ್ ಲೌರಿಯವರ ‘ದಿ ಗಿವರ್’ (1993) ಕಾದಂಬರಿಯ ಅಚ್ಚುಕಟ್ಟಾದ ಸಮುದಾಯದಲ್ಲಿ ಇಡೀ ಮನುಕುಲದ ನೋವು ನಲಿವುಗಳ ನೆನಪನ್ನು ಒಬ್ಬನೇ ಮುದುಕ ಹೊತ್ತಿರುತ್ತಾನೆ, ಅದನ್ನು ಹುಡುಗನೊಬ್ಬನಿಗೆ ದಾಟಿಸುವುದೇ ಕಥೆ. ಉಳಿದ ಮುದುಕರು ವೃದ್ಧರ ಮನೆಯಲ್ಲಿದ್ದು, ಒಂದು ದಿನ ಸಡಗರದ ಬೀಳ್ಕೊಡುಗೆಯೊಂದಿಗೆ ‘ಬಿಡುಗಡೆ’ ಹೊಂದುತ್ತಾರೆ. ಆ ಶಬ್ದದ ಅರ್ಥವೇನೆಂದು ಓದುಗನಿಗೆ ತಡವಾಗಿ ತಿಳಿಯುತ್ತದೆ. ನಾನು ಬಹುಮಾನ ಕೊಟ್ಟ ಸುರಂಗದ ಕಥೆಯೂ ಇದೇ ಗೋತ್ರದ್ದು. ಅಜ್ಜನಿಗೆ ಸುರಂಗದ ಬಾಯಿ ಗೊತ್ತಿತ್ತು, ಆದ್ದರಿಂದ ಅಜ್ಜ ಕಥೆಯಲ್ಲಿ ಉಳಿದ. ಗೊತ್ತಿಲ್ಲದಿದ್ದರೆ? ನೀರು ಸಿಕ್ಕಿದ ಮೇಲಿನ ಪುಟದಲ್ಲಿ ಅಜ್ಜನ ಸುದ್ದಿಯೇ ಇರಲಿಲ್ಲ, ಮತ್ತೊಮ್ಮೆ ತಿರುವಿ ನೋಡಿದೆ.

ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ‘1984’ ಕಾದಂಬರಿಯಲ್ಲಿ ಈ ವ್ಯವಹಾರ ಎಡವಟ್ಟಾಗುವ ದೃಶ್ಯವೊಂದಿದೆ. ಕ್ರಾಂತಿಗೆ ಮೊದಲು ಬದುಕು ಈಗಿನದಕ್ಕಿಂತ ಚೆನ್ನಾಗಿತ್ತೇ ಎಂದು ತಿಳಿಯಲು ವಿನ್‌ಸ್ಟನ್ ಸ್ಮಿತ್ ಹೆಂಡದಂಗಡಿಯಲ್ಲಿ ಒಬ್ಬ ಮುದುಕನಿಗೆ ಬಿಯರ್ ಕೊಡಿಸಿ ಮಾತಿಗೆಳೆಯುತ್ತಾನೆ. ಮುದುಕನ ಚಿಂತೆಯೇ ಬೇರೆ. ಹಳೆಯ ಪೈಂಟ್ ಅಳತೆ ಹೋಗಿ ಲೀಟರು ಬಂದಿದೆ, ಅರ್ಧ ಲೀಟರು ಸಾಲುವುದಿಲ್ಲ, ಒಂದು ಲೀಟರು ಹೆಚ್ಚಾಗುತ್ತದೆ. ಬಂಡವಾಳಗಾರರ ಟೊಪ್ಪಿಯ ಬಗ್ಗೆ ಕೇಳಿದರೆ, ನಾದಿನಿಯ ಶವಸಂಸ್ಕಾರಕ್ಕೆ ಬಾಡಿಗೆಗೆ ತಂದಿದ್ದ ತನ್ನ ಟೊಪ್ಪಿಯ ಮಾತು ತೆಗೆಯುತ್ತಾನೆ. ವಿನ್‌ಸ್ಟನ್ ಸೋತು ಏಳುತ್ತಾನೆ. ಈ ಮುದುಕರು ಇರುವೆಗಳಂತೆ, ಸಣ್ಣದು ಕಾಣುತ್ತದೆ, ದೊಡ್ಡದು ಕಾಣುವುದಿಲ್ಲ ಎಂದುಕೊಳ್ಳುತ್ತಾನೆ.

ನಾನೂ ಒಮ್ಮೆ ಹಾಗೆಯೇ ಎದ್ದುಬಂದಿದ್ದೇನೆ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ವಿಲೀನ ಚಳವಳಿಯ ಬಗ್ಗೆ ಲೇಖನವೊಂದಕ್ಕಾಗಿ ದೊಡ್ಡಮ್ಮನನ್ನು ಕೂರಿಸಿ, ರಾಜ್ಯ ಬದಲಾದಾಗ ನಿಮಗೆ ಹೇಗನ್ನಿಸಿತು ಎಂದು ಕೇಳಿದೆ. ಕೈಯಲ್ಲಿ ಪುಸ್ತಕ, ಪೆನ್ನು. ಆಗ ಹದಿನೈದು ಹದಿನಾರರ ಹುಡುಗಿಯಾಗಿದ್ದ ದೊಡ್ಡಮ್ಮ ಅರ್ಧ ಗಂಟೆ ಹೇಳಿದ್ದು ನಯಾಪೈಸೆಯ ಕಥೆ. 1957ರ ಏಪ್ರಿಲ್‌ನಲ್ಲಿ ಹೊಸ ನಾಣ್ಯ ಬಂದಾಗ ಒಂದು ಆಣೆಗೆ ಆರು ಪೈಸೆ, ನಾಲ್ಕು ಆಣೆಗೆ ಇಪ್ಪತ್ತೈದು ಪೈಸೆ. ಒಟ್ಟಿಗೆ ನಾಲ್ಕಾಣೆಯ ಸಾಮಾನು ತರುವುದಕ್ಕಿಂತ ಒಂದೊಂದು ಆಣೆಯದ್ದನ್ನು ನಾಲ್ಕು ಸಲ ತಂದರೆ ಒಂದು ಪೈಸೆ ಉಳಿಯುತ್ತದೆ ಎಂದು ಅವರ ಅಮ್ಮ ಲೆಕ್ಕ ಹಾಕಿ, ಮಗಳನ್ನು ಬಿಸಿಲಿನಲ್ಲಿ ನಾಲ್ಕು ಸಲ ಅಂಗಡಿಗೆ ಓಡಿಸುತ್ತಿದ್ದರಂತೆ. ನಾಲ್ಕನೆಯ ಸಲಕ್ಕೆ ಅಂಗಡಿಯವನು, “ನಿನ್ನ ಅಮ್ಮನಿಗೆ ನಮಸ್ಕಾರ ಹೇಳು” ಎಂದು ಆ ಪೈಸೆಯನ್ನು ಕೈಯಲ್ಲಿಟ್ಟನಂತೆ. ನಾನು ಇದರಲ್ಲಿ ಒಂದು ಅಕ್ಷರವನ್ನೂ ಬರೆದುಕೊಳ್ಳಲಿಲ್ಲ. ಲೇಖನಕ್ಕೆ ಗಡಿ ವಿವಾದದ ಮಹಾಜನ ಆಯೋಗ, ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂಬ ಅದರ ಶಿಫಾರಸು, ಅದು ಕಪಾಟಿನಲ್ಲಿ ಉಳಿದದ್ದು, ಇವೆಲ್ಲ ಇದ್ದವು, ಸಾಕಾಗಿತ್ತು. ಆರ್ವೆಲ್ಲನ ಆ ಪುಟವನ್ನು ಓದಿದಾಗ ಈಗ ನನ್ನ ಸಹಾನುಭೂತಿ ವಿನ್‌ಸ್ಟನ್ನನ ಕಡೆಗಿಲ್ಲ. ಅಜ್ಜ ಉಗ್ರಾಣವಲ್ಲ, ಬೇಕಾದ ಚೀಲವನ್ನು ಎಳೆದು ತರಲು. ಅವನಿಗೆ ಬೇಕಾಗಿದ್ದದ್ದು ಒಂದು ಪೈಂಟ್ ಬಿಯರ್, ಅದು ಆ ರಾಜ್ಯದಲ್ಲಿ ಇರಲಿಲ್ಲ. ದುಃಸ್ವಪ್ನದ ರಾಜ್ಯದ ಮೇಲೆ ಇದಕ್ಕಿಂತ ಖಚಿತವಾದ ದೂರನ್ನು ಆ ಪುಸ್ತಕದಲ್ಲಿ ಬೇರೆ ಯಾರೂ ಕೊಡುವುದಿಲ್ಲ.

ಇನ್ನೊಂದು ಮಾತು. ಕಥೆಗಳಲ್ಲಿ ನಾಳೆಯ ಕನಸು ಹುಡುಗರ ಸೊತ್ತು, ನಿನ್ನೆ ಮಾತ್ರ ಮುದುಕರದು. ನಮ್ಮ ಊರಿನಲ್ಲಿ ಅದು ತಿರುಗುಮುರುಗು. ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ, ನೂರು ವರ್ಷ ದಾಟಿ, 2015ರ ಆಗಸ್ಟಿನಲ್ಲಿ ತೀರಿಕೊಂಡರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹಂಬಲವನ್ನು ಅವರು ಕೊನೆಯವರೆಗೂ ಬಿಟ್ಟಿರಲಿಲ್ಲ. ಅದು ಈಡೇರುವಂಥದ್ದೇ, ಈಡೇರಬೇಕಾದದ್ದೇ ಎಂಬ ಚರ್ಚೆ ಬೇರೆ. ನೂರರ ಹೊಸ್ತಿಲಲ್ಲಿಯೂ ಆಗದ ನಾಳೆಯೊಂದನ್ನು ಕಾಯುತ್ತಿದ್ದ ಮುದುಕನನ್ನು ನಾನು ಓದಿದ ಯಾವ ಯುಟೋಪಿಯದಲ್ಲೂ ಕಂಡಿಲ್ಲ.

ಸ್ವರ್ಗದಲ್ಲಿ

ವಾಲ್ಮೀಕಿ ರಾಮಾಯಣದ ಯುದ್ಧಕಾಂಡದ ಕೊನೆಗೆ ರಾಮರಾಜ್ಯದ ವರ್ಣನೆ ಬರುತ್ತದೆ. ಮಳೆ, ಬೆಳೆ, ಕಳ್ಳಕಾಕರಿಲ್ಲದ ನೆಮ್ಮದಿಯ ನಡುವೆ ಒಂದು ಸಾಲು: ‘ನ ಚ ಸ್ಮ ವೃದ್ಧಾ ಬಾಲಾನಾಂ ಪ್ರೇತಕಾರ್ಯಾಣಿ ಕುರ್ವತೇ.’ ವೃದ್ಧರು ಎಳೆಯರ ಉತ್ತರಕ್ರಿಯೆ ಮಾಡಬೇಕಾಗಿ ಬರುತ್ತಿರಲಿಲ್ಲ. ಭಾಗವತದ ಹನ್ನೆರಡನೆಯ ಸ್ಕಂಧ ಕಲಿಯುಗವನ್ನು ವರ್ಣಿಸುವಾಗ ಮಕ್ಕಳು ಮುದಿ ತಂದೆತಾಯಿಯರನ್ನೂ ಪಾಲಿಸರು ಎನ್ನುತ್ತದೆ. ಎರಡರಲ್ಲಿ ಭಾಗವತದ ಮಾತು ಜನಪ್ರಿಯ, ಹರಿಕಥೆಗಳಲ್ಲಿ ದಿನವೂ ಕೇಳಬಹುದು. ವಾಲ್ಮೀಕಿಯ ಸಾಲು ಹೆಚ್ಚು ಆಳದ್ದೆಂದು ನನ್ನ ಭಾವನೆ. ಅದು ಮುದುಕರನ್ನು ಯಾರು ನೋಡಿಕೊಳ್ಳಬೇಕೆಂದು ಕೇಳುವುದಿಲ್ಲ, ಮುದುಕರ ಪಾಲಿಗೆ ಏನು ಬರಬಾರದೆಂದು ಹೇಳುತ್ತದೆ.

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಸ್ವರ್ಗ ಎಂಬ ಹೆಸರಿನ ಊರೊಂದು ನಿಜವಾಗಿಯೂ ಇದೆ. ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿದ ಪ್ರದೇಶವದು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಕೆಲವು ವರ್ಷಗಳ ಹಿಂದೆ ಆ ಕಡೆಯ ಮನೆಯೊಂದಕ್ಕೆ ಹೋಗಿದ್ದೆ. ಎಪ್ಪತ್ತು ದಾಟಿದ ತಾಯಿ, ಮೂವತ್ತು ದಾಟಿದ ಮಗನನ್ನು ತೊಡೆಯ ಮೇಲೆ ಒರಗಿಸಿಕೊಂಡು ಗಂಜಿ ಉಣಿಸುತ್ತಿದ್ದರು. ಅನ್ನವನ್ನು ಬೆರಳಿನಿಂದ ಕಿವುಚಿ, ಉಪ್ಪಿನಕಾಯಿಯ ರಸದ ಒಂದು ಹನಿ ಬೆರೆಸಿ, ನುಂಗುವವರೆಗೆ ಅವನ ಗಂಟಲನ್ನು ಮೆಲ್ಲನೆ ನೀವುತ್ತಿದ್ದರು. ಒಂದು ಬಟ್ಟಲು ಮುಗಿಯಲು ನಲವತ್ತು ನಿಮಿಷ ಬೇಕಾಯಿತು. ದುಃಸ್ವಪ್ನದ ಕಥೆಗಳಲ್ಲಿ ಮುದುಕರು ಸದಾ ಇತರರ ಹೆಗಲ ಮೇಲಿನ ಭಾರ. ಇಲ್ಲಿ ಭಾರ ಹೊತ್ತವರೇ ಮುದುಕರು, ಅವರ ಭಯ ತಮ್ಮ ಸಾವಿನದಲ್ಲ, ಮಗನಿಗಿಂತ ಮೊದಲು ಸಾಯುವುದರದ್ದು. ಆ ತಾಯಿಯ ಎದುರು ವಾಲ್ಮೀಕಿಯ ಸಾಲನ್ನೂ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ಅವರು ದಿನವೂ ಬೇಡಿಕೊಳ್ಳುವುದು ಅದರ ವಿರುದ್ಧವಾದುದನ್ನು.

ಪೂರುವಿನ ವಯಸ್ಸು

ಜಪಾನಿನ ಚಿಯೆ ಹಯಕಾವಾ 2022ರಲ್ಲಿ ನಿರ್ದೇಶಿಸಿದ ‘ಪ್ಲಾನ್ 75’ ಚಿತ್ರದಲ್ಲಿ, ಎಪ್ಪತ್ತೈದು ದಾಟಿದವರು ಒಪ್ಪಿದರೆ ಸರಕಾರವೇ ಅವರಿಗೆ ಸಾವಿನ ವ್ಯವಸ್ಥೆ ಮಾಡಿಕೊಡುತ್ತದೆ, ಇಷ್ಟಬಂದಂತೆ ಖರ್ಚು ಮಾಡಲು ಒಂದು ಲಕ್ಷ ಯೆನ್ ಕೂಡ. ಯೋಜನೆಗೆ ಹೆಸರು ಬರೆಸಿದ ಮಿಚಿ ಎಂಬ ಮುದುಕಿ, ಫೋನಿನಲ್ಲಿ ಸಾಂತ್ವನ ಹೇಳುವ ಕೆಲಸದ ಹುಡುಗಿಯನ್ನು ನಿಯಮ ಮೀರಿ ಭೇಟಿಯಾಗಿ ಅವಳೊಂದಿಗೆ ಬೌಲಿಂಗ್ ಆಡುತ್ತಾಳೆ. ಆ ಚಿತ್ರವನ್ನು ನಾನು ನಂಬಿದ್ದು ಆ ಒಂದು ದೃಶ್ಯಕ್ಕಾಗಿ. ಅವಳಿಂದ ಯಾರಿಗೂ ಪ್ರಯೋಜನವಿಲ್ಲ, ಯಾವ ಗುಟ್ಟೂ ಅವಳಿಗೆ ಗೊತ್ತಿಲ್ಲ. ಚೆಂಡು ಉರುಳಿಸಬೇಕೆಂಬ ಆಸೆ ಮಾತ್ರ ಇದೆ.

ಮುದುಕರಿಗೂ ಆಸೆಯುಂಟೆಂದು ನಮ್ಮ ಪುರಾಣಕ್ಕೆ ಗೊತ್ತಿತ್ತು, ಆದರೆ ಅದನ್ನು ಯಯಾತಿಯ ಹಗರಣವನ್ನಾಗಿ ಹೇಳಿತು. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪು ಬಂದ ಅರಸ ಮಕ್ಕಳ ಬಳಿ ಯೌವನ ಬೇಡುತ್ತಾನೆ, ಕಿರಿಯ ಮಗ ಪೂರು ಕೊಡುತ್ತಾನೆ. ಈ ಪ್ರಸಂಗದ ತಾಳಮದ್ದಳೆಯನ್ನು, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ನಾನು ಹತ್ತಾರು ಸಲ ಕೇಳಿದ್ದೇನೆ. ಕಳೆದ ಮಾಘದಲ್ಲಿ ನಮ್ಮ ಭಜನಾಮಂದಿರದಲ್ಲಿ ನಡೆದ ಕೂಟದಲ್ಲಿ ಯಯಾತಿಯ ಅರ್ಥ ಹೇಳಿದವರು ಮೂವತ್ತೆರಡರ ತರುಣ, ಪೂರುವಾಗಿ ಕುಳಿತವರು ಎಪ್ಪತ್ತಾರರ ಹಿರಿಯರು. ವೇಷವಿಲ್ಲ, ಬಣ್ಣವಿಲ್ಲ, ಹೆಗಲಿಗೊಂದು ಶಾಲು ಅಷ್ಟೇ. ಹಲ್ಲಿಲ್ಲದ ಬಾಯಿಂದ ಆ ಹಿರಿಯರು, “ಅಪ್ಪಾ, ಮುಪ್ಪು ಹೇಗಿರುತ್ತದೆಂದು ನಾನು ಕಂಡವನಲ್ಲ, ಕಾಣುವ ಕುತೂಹಲ ಉಂಟು” ಎಂದು ಅರ್ಥ ಎತ್ತಿದಾಗ ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಎದುರಿಗೆ ಕುಳಿತ ತರುಣನೇ ಮುದುಕನೆಂದೂ, ಈ ಮುದುಕನೇ ಮೀಸೆ ಮೂಡದ ಮಗನೆಂದೂ ನಾವು ಮೂರು ಗಂಟೆ ನಂಬಿದೆವು. ಮಾತು ಗಟ್ಟಿಯಿದ್ದರೆ ವಯಸ್ಸು ಯಾರ ಮೇಲಾದರೂ ಕೂರುತ್ತದೆ.

ಮಂಗಳದ ಪದ್ಯ ಮುಗಿದಾಗ ರಾತ್ರಿ ಒಂದೂವರೆ. ಕೆಳಗೆ ಚಕ್ಕಳಮಕ್ಕಳ ಕುಳಿತು ಮರಗಟ್ಟಿದ್ದ ಆ ಹಿರಿಯರ ಕಾಲನ್ನು ಇಬ್ಬರು ಹಿಡಿದು ಬಿಡಿಸಬೇಕಾಯಿತು. ನನ್ನ ಸ್ಕೂಟರಿನಲ್ಲಿ ಮನೆಗೆ ಬಿಡಲು ಹೋದೆ. ದಾರಿಯಲ್ಲಿ, ಇಷ್ಟು ವರ್ಷಗಳ ಅನುಭವವನ್ನೆಲ್ಲ ಯಾರಾದರೂ ಬರೆದಿಡಬೇಕು ಎಂದು ನಾನು ಶುರುಮಾಡಿದೆ, ಹಳೆಯ ಚಾಳಿ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆನ್ನ ಹಿಂದಿನಿಂದ ಗುಣುಗುಣು ಸದ್ದು ಬರುತ್ತಿತ್ತು. ಅಂಗಳದಲ್ಲಿ ಇಳಿದು, ಗೋಡೆ ಹಿಡಿದು ನಿಂತು, “ಮೇಷ್ಟ್ರೇ, ನಿಮ್ಮ ಹತ್ತಿರ ಅಭಿಮನ್ಯು ಕಾಳಗದ ಪುಸ್ತಕ ಉಂಟಾ? ಬರುವ ಶನಿವಾರ ನನಗೆ ಅಭಿಮನ್ಯು. ಒಂದೆರಡು ಪದ್ಯ ಸರಿಯಾಗಿ ನೋಡಿಕೊಳ್ಳಬೇಕು, ಆ ದ್ರೋಣನವರು ಬಿಡುವ ಪೈಕಿ ಅಲ್ಲ” ಎಂದರು.

ಉಂಟು ಎಂದೆ. ಬೆಳಿಗ್ಗೆಯೇ ತಂದುಕೊಡಬೇಕೆಂದು ಎರಡು ಸಲ ಹೇಳಿ, ಅವರು ಒಳಗೆ ಹೋಗಿ ದೀಪ ಹಾಕಿಕೊಂಡರು.